ಹೆಂಡತಿಗೂ ಬೇಕು ಖಾಲಿ ಮನೆ

ಕರ್ನಾಟಕದಲ್ಲಿ ಮನೆಯ ಮಾತು ನೆಲದಿಂದ ಶುರುವಾಗುತ್ತದೆ. ಬೆಂಗಳೂರಿನವರು ಮೂವತ್ತು-ನಲವತ್ತರ ಸೈಟು ಎನ್ನುತ್ತಾರೆ, ಹುಬ್ಬಳ್ಳಿ-ಧಾರವಾಡದವರು ಗುಂಟೆಯ ಲೆಕ್ಕದಲ್ಲಿ ಪ್ಲಾಟು ಎನ್ನುತ್ತಾರೆ, ನಮ್ಮ ಕುಂದಾಪುರದ ಕಡೆ ಸೆಂಟ್ಸಿನ ಲೆಕ್ಕ. ಮೊದಲು ಜಾಗ, ಆಮೇಲೆ ಪಾಯ, ಆಮೇಲೆ ಗೋಡೆ. ಮುಂಬಯಿಯಲ್ಲಿ ನೆಲದ ಮಾತೇ ಏಳುವುದಿಲ್ಲ. ಇಲ್ಲಿ ಎಲ್ಲರೂ ಕೇಳುವುದು ಕಾರ್ಪೆಟ್ ಎಷ್ಟು ಎಂದು. ಹೊರಗೋಡೆಯ ದಪ್ಪ, ಬಾಲ್ಕನಿ, ಮೆಟ್ಟಿಲು, ಲಿಫ್ಟು ಎಲ್ಲವನ್ನೂ ಕಳೆದ ಮೇಲೆ ಒಳಗೆ ಉಳಿಯುವ ಜಾಗ ಅದು. ಮನೆ ಮಾರಾಟವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಬಂದ ಮೇಲೆ ಬಿಲ್ಡರುಗಳೂ ಅದೇ ಲೆಕ್ಕದಲ್ಲಿ ಮಾರಬೇಕಾಗಿದೆ. ಬೆಂಗಳೂರಿನ ಮೂವತ್ತು-ನಲವತ್ತು ಎಂದರೆ 1,200 ಚದರ ಅಡಿ. ಮುಂಬಯಿಯ ಉಪನಗರ ಭಾಂಡೂಪಿನಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿರುವ ಮನೆಯ ಕಾರ್ಪೆಟ್ ಸುಮಾರು 200 ಚದರ ಅಡಿ. ಹನ್ನೆರಡಕ್ಕೆ ಹತ್ತರ ಒಂದು ಕೋಣೆ, ಎಂಟಕ್ಕೆ ಆರರ ಅಡುಗೆಮನೆ, ಉಳಿದದ್ದು ಬಚ್ಚಲು. ಇಲ್ಲಿಯವರು ಇದನ್ನು ರೂಮ್ ಕಿಚನ್ ಎಂದು ಕರೆಯುತ್ತಾರೆ.

ಊರಿನಿಂದ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಒಮ್ಮೆ ಕಣ್ಣು ಹಾಯಿಸಿ ಕೇಳುತ್ತಾರೆ: ‘ಇಷ್ಟರಲ್ಲಿ ಇಬ್ಬರು ಹೇಗೆ ಇರುತ್ತೀರಿ ಮಾರಾಯ?’ ಅವರ ಮನಸ್ಸಿನಲ್ಲಿರುವುದು ಸಾಮಾನಿನ ಚಿಂತೆ. ಮಂಚ ಎಲ್ಲಿ, ಬೀರು ಎಲ್ಲಿ, ಬಂದವರು ಮಲಗುವುದು ಎಲ್ಲಿ. ಸಾಮಾನಿನ ಪ್ರಶ್ನೆಗೆ ಮುಂಬಯಿ ನೂರು ವರ್ಷದಿಂದ ಉತ್ತರ ಹುಡುಕಿ ಇಟ್ಟುಕೊಂಡಿದೆ, ಯಾವ ಬಡಗಿಯನ್ನು ಕೇಳಿದರೂ ಹೇಳುತ್ತಾನೆ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಸಣ್ಣ ಮನೆಯಲ್ಲಿ ಇಬ್ಬರು ಒಟ್ಟಿಗಿರುವುದು ಅಷ್ಟೇನೂ ಕಷ್ಟವಿಲ್ಲ. ಇಬ್ಬರಲ್ಲಿ ಒಬ್ಬರು ಒಂಟಿಯಾಗಿರುವುದು ಬಹಳ ಕಷ್ಟ, ಹೆಂಡತಿಗಂತೂ ತೀರಾ ಕಷ್ಟ. ಹೊಸದಾಗಿ ಮದುವೆಯಾಗಿ ಈ ಊರಿಗೆ ಬರುವ ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ.

ನಾನು ಬೆಳೆದದ್ದು ದೊಡ್ಡ ಮನೆಯಲ್ಲಿ. ಅಂಗಳ, ಚಾವಡಿ, ಒಳಗಿನ ಕತ್ತಲೆ ಕೋಣೆಗಳು, ಮೇಲೆ ಅಟ್ಟ, ಪಕ್ಕದಲ್ಲಿ ಹಟ್ಟಿ, ಹಿಂದೆ ತೋಟ. ಅಷ್ಟು ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಕುಳಿತು ಮಾತಾಡಿದ್ದನ್ನು ನಾನು ನೋಡಿಲ್ಲ. ಹಗಲೆಲ್ಲ ಅಮ್ಮ ಅಡುಗೆಮನೆಗೂ ಹಟ್ಟಿಗೂ ಓಡಾಡುತ್ತಿದ್ದಳು, ಅಪ್ಪ ಚಾವಡಿಗೂ ಗದ್ದೆಗೂ. ರಾತ್ರಿ ಗಂಡಸರು ಚಾವಡಿಯಲ್ಲಿ, ಹೆಂಗಸರು ಮಕ್ಕಳು ಒಳಗೆ. ಗಂಡ ಹೆಂಡತಿ ತಮ್ಮತಮ್ಮಲ್ಲಿ ಏನಾದರೂ ಹೇಳಿಕೊಳ್ಳಬೇಕಿದ್ದರೆ ಬಾವಿಕಟ್ಟೆಯ ಬಳಿಯೋ ಯಾರದೋ ಮದುವೆಗೆ ಹೋಗುವ ದಾರಿಯಲ್ಲೋ ಹೇಳಿಕೊಳ್ಳಬೇಕು. ಇಬ್ಬರಿಗೆಂದು ಆ ಮನೆಯಲ್ಲಿ ಒಂದು ಮೂಲೆ ಇರಲಿಲ್ಲ. ಆದರೆ ಅಮ್ಮನೊಬ್ಬಳಿಗೇ ಎಂದು ಬೇಕಾದಷ್ಟು ಇತ್ತು. ಮಧ್ಯಾಹ್ನದ ಊಟ ಮುಗಿಸಿ ಮಡಲು ಹೆಕ್ಕಲು ತೋಟಕ್ಕೆ ಹೋದರೆ ಒಂದು ತಾಸು ಅವಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಯಾರೂ ಹುಡುಕಿಕೊಂಡು ಹೋಗುತ್ತಲೂ ಇರಲಿಲ್ಲ.

ನನ್ನ ಹೆಂಡತಿಯ ತವರು ಧಾರವಾಡದ ಹತ್ತಿರ. ಅಲ್ಲಿ ಪಡಸಾಲೆ, ಅಡುಗೆಮನೆ, ಹಿತ್ತಲು, ಹಿತ್ತಲಲ್ಲಿ ಬೇವಿನ ಗಿಡ. ನನ್ನ ಅತ್ತೆ ಸಂಜೆ ಆ ಗಿಡದ ಕೆಳಗೆ ಕಾಳು ಹಸನು ಮಾಡುತ್ತಾ ಕುಳಿತರೆ ಒಳಗಿನಿಂದ ಯಾರು ಕರೆದರೂ ಓಗೊಡುತ್ತಿರಲಿಲ್ಲವಂತೆ. ಘಟ್ಟದ ಕೆಳಗಿನ ಮನೆಗೂ ಬಯಲುಸೀಮೆಯ ಮನೆಗೂ ಕಟ್ಟುವ ರೀತಿಯಲ್ಲಿ ಎಷ್ಟೇ ವ್ಯತ್ಯಾಸವಿದ್ದರೂ ಈ ಒಂದು ವಿಷಯದಲ್ಲಿ ಎರಡೂ ಒಂದೇ. ಹೆಣ್ಣಿಗೆ ಅಧಿಕಾರ ಕೊಡಲಿಲ್ಲ, ಗಂಡನ ಜೊತೆ ಕೂರಲು ಜಾಗವನ್ನೂ ಕೊಡಲಿಲ್ಲ, ಆದರೆ ಹಿತ್ತಲನ್ನು ಮಾತ್ರ ಅವಳಿಗೆ ಬಿಟ್ಟುಕೊಟ್ಟಿದ್ದವು.

ಮುಂಬಯಿ ಇದನ್ನು ಪೂರ್ತಿ ತಿರುಗಿಸಿ ಹಾಕಿತು. ಇಲ್ಲಿಗೆ ಬಂದ ನಮ್ಮ ಕರಾವಳಿಯ ಹಳೆಯ ತಲೆಮಾರಿನ ಹೆಚ್ಚಿನವರು ಹುಡುಗರಾಗಿದ್ದಾಗಲೇ ಹೋಟೆಲಿಗೆ ಸೇರಿದವರು. ರಾತ್ರಿ ಬಾಗಿಲು ಎಳೆದ ಮೇಲೆ ಹೋಟೆಲಿನ ಒಳಗೇ ಮಲಗುತ್ತಿದ್ದರು. ಓದುವ ಆಸೆ ಇದ್ದವರು ಕನ್ನಡ ರಾತ್ರಿಶಾಲೆಗಳಿಗೆ ಹೋಗುತ್ತಿದ್ದರು. ಮದುವೆಯಾದ ಮೇಲೂ ಎಷ್ಟೋ ಜನರ ಹೆಂಡಂದಿರು ಊರಿನಲ್ಲೇ ಉಳಿದರು, ಗಂಡ ರಜೆಯಲ್ಲಿ ಬಂದು ಹೋಗುವ ನೆಂಟನಂತಾದ. ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲು ಊರಿಗೆ ಹೋಗಿಬರುವುದೇ ಒಂದು ಸಾಹಸ. ನನ್ನ ದೊಡ್ಡಪ್ಪ ಹಾಗೆ ಬದುಕಿದವರು. ಕೊನೆಗೆ ಪರೇಲಿನ ಒಂದು ಚಾಳಿನಲ್ಲಿ, ಅಂದರೆ ಒಂದೊಂದೇ ಕೋಣೆಯ ಮನೆಗಳ ಸಾಲುಕಟ್ಟಡದಲ್ಲಿ, ಅವರಿಗೆ ಖೋಲಿ ಸಿಕ್ಕಿ, ದೊಡ್ಡಮ್ಮ ಮಕ್ಕಳನ್ನು ಕಟ್ಟಿಕೊಂಡು ಬಂದಾಗ, ಇಡೀ ಬೀಡಿನಂಥ ಮನೆಯನ್ನು ಬಿಟ್ಟು ಒಂದು ಕೋಣೆಗೆ ಬಂದೆನೆಂದು ಅವರಿಗೆ ಅನಿಸಲಿಲ್ಲವಂತೆ. ‘ಗಂಡನ ಜೊತೆ ಒಂದೇ ಹೊತ್ತಿಗೆ ಉಂಡದ್ದು ಅಲ್ಲಿಗೆ ಬಂದ ಮೇಲೆ’ ಎಂದು ದೊಡ್ಡಮ್ಮ ಹೇಳುತ್ತಿದ್ದರು. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಸಣ್ಣ ಖೋಲಿಯ ದೆಸೆಯಿಂದಲೇ ಒಟ್ಟಿಗೆ ಬಾಳಲು ಸಾಧ್ಯವಾದ ದಂಪತಿಗಳು ಈ ನಗರದಲ್ಲಿ ಲೆಕ್ಕವಿಲ್ಲದಷ್ಟು.

ಆ ಖೋಲಿಗಳಾದರೂ ಎಷ್ಟು ದೊಡ್ಡವು? 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯಗಾಂವ್, ಶಿವಡಿ, ಡಿಲೈಲ್ ರಸ್ತೆಗಳಲ್ಲಿ ಕಟ್ಟಿಸಿದ, ಈಗಲೂ ಬಿಡಿಡಿ ಚಾಳು ಎಂದೇ ಕರೆಯುವ ಕಟ್ಟಡಗಳಲ್ಲಿ ಒಂದು ಖೋಲಿಗೆ 160 ಚದರ ಅಡಿ. ಶೌಚಾಲಯ ಮಹಡಿಯವರಿಗೆಲ್ಲ ಸೇರಿ. ಅಂಥ ಖೋಲಿಯಲ್ಲಿ ಅಜ್ಜ-ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಸಂಸಾರ ಇರುತ್ತಿತ್ತು. ಹೊಸದಾಗಿ ಮದುವೆಯಾದವರಿಗೆ ಪೋಟ್‌ಮಾಳಾ ಎಂಬ ಅರ್ಧ ಅಟ್ಟವನ್ನು ಬಿಟ್ಟುಕೊಟ್ಟು, ಉಳಿದ ಗಂಡಸರು ಹಾಸಿಗೆ ಹೊತ್ತು ಗ್ಯಾಲರಿಗೆ, ಅಂದರೆ ಬಾಗಿಲುಗಳ ಮುಂದಿನ ಉದ್ದ ಓಣಿಗೆ, ಹೋಗುತ್ತಿದ್ದರು. ಈಗ ಆ ಚಾಳುಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುತ್ತಿದ್ದಾರೆ. ಹಳೆಯ ಬಾಡಿಗೆದಾರರಿಗೆ 500 ಚದರ ಅಡಿಯ ಮನೆ ಎಂದು ಗೊತ್ತಾಗಿ, 2025ರ ಆಗಸ್ಟ್‌ನಲ್ಲಿ ವರ್ಲಿಯ ಮೊದಲ ಕುಟುಂಬಗಳ ಕೈಗೆ ಕೀಲಿಯೂ ಬಂದಿದೆ. ಮೂರು ತಲೆಮಾರು ಬಾಗಿಲ ಹೊರಗಿನ ಶೌಚಾಲಯಕ್ಕೆ ಸಾಲು ನಿಂತವರಿಗೆ ಇದು ಸಿಕ್ಕಿದ್ದು ನನಗೆ ಬಹಳ ಸಂತೋಷದ ಸಂಗತಿ.

ನಮ್ಮಲ್ಲಿ ಸಣ್ಣ ಮನೆಗಳೇ ಇರಲಿಲ್ಲವೆಂದೇನೂ ಅಲ್ಲ. ಬೆಂಗಳೂರು, ಮೈಸೂರುಗಳ ವಠಾರಗಳನ್ನು ಕಂಡವರಿಗೆ ಅದು ಗೊತ್ತು. ಆದರೆ ವಠಾರಕ್ಕೆ ನಡುವಂಗಳವಿತ್ತು, ಚಾಳಿಗೆ ಗ್ಯಾಲರಿಯಿತ್ತು. ಮನೆಯೊಳಗೆ ಸಾಲದ ಜಾಗವನ್ನು ಅವು ಬಾಗಿಲ ಹೊರಗೆ ಕೊಡುತ್ತಿದ್ದವು. ನಾವಿರುವಂಥ ಕಟ್ಟಡಗಳಲ್ಲಿ ಬಾಗಿಲು ತೆರೆದರೆ ಲಿಫ್ಟು, ಅದರಾಚೆ ಇನ್ನೊಂದು ಮುಚ್ಚಿದ ಬಾಗಿಲು. ಕೋಣೆ ಚಾಳಿನದೇ ಅಳತೆಯಲ್ಲಿ ಉಳಿಯಿತು, ಗ್ಯಾಲರಿ ಹೋಯಿತು. ಇಂದಿನ ಸಣ್ಣ ಮನೆಯ ಕಷ್ಟವೆಲ್ಲ ಇಲ್ಲಿಂದ ಹುಟ್ಟುತ್ತದೆ ಎಂದು ನನ್ನ ಖಚಿತ ನಂಬಿಕೆ.

ಸಾಮಾನಿನ ಮಾತನ್ನೂ ಆಡಿಬಿಡುತ್ತೇನೆ, ಏಕೆಂದರೆ ಅದರಲ್ಲೂ ಊರಿನ ರೀತಿಯೇ ನಮಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಐದಡಿ ಅಗಲದ ಜೋಡಿ ಮಂಚ ಹಾಕಿದರೆ ಸುಮಾರು 31 ಚದರ ಅಡಿ ಹೋಗುತ್ತದೆ. ನಮ್ಮ ಕೋಣೆಯ ಕಾಲು ಭಾಗಕ್ಕಿಂತ ಹೆಚ್ಚು. ಮಲಗುವುದು ಏಳೆಂಟು ತಾಸು, ಉಳಿದ ಹದಿನಾರು ತಾಸು ಆ ನೆಲಕ್ಕೆ ಬಾಡಿಗೆ ಕೊಟ್ಟು ಮಂಚವನ್ನು ನೋಡುತ್ತಾ ಕೂರಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಮಂಚವಿಲ್ಲ. ಊರಿನಲ್ಲಿ ಮಾಡುತ್ತಿದ್ದಂತೆ ರಾತ್ರಿ ಹಾಸುತ್ತೇವೆ, ಬೆಳಿಗ್ಗೆ ತೆಗೆಯುತ್ತೇವೆ. ಆದರೆ ಊರಿನ ಹತ್ತಿಯ ಗಾದಿ ಇಲ್ಲಿಗೆ ಸರಿಹೋಗುವುದಿಲ್ಲ, ಅದಕ್ಕೆ ಆಗಾಗ ಬಿಸಿಲು ಬೇಕು, ನಮಗೆ ಬಿಸಿಲು ಬೀಳುವ ಜಾಗವಿಲ್ಲ. ಮೂರು ಮಡಿಕೆಯಾಗುವ ಫೋಮಿನ ಹಾಸಿಗೆ ತಂದಿದ್ದೇವೆ. ಅದನ್ನು ಬೆಳಿಗ್ಗೆ ಎದ್ದ ಕೂಡಲೆ ಗೋಡೆಗೆ ಒರಗಿಸಿ ನಿಲ್ಲಿಸಬೇಕು. ಮೈಯ ಬೆವರು ಮತ್ತು ಬಿಸಿ ಹಾಸಿಗೆಯೊಳಗೆ ಇಳಿದು ತಣ್ಣನೆಯ ನೆಲಕ್ಕೆ ತಾಗಿ ನೀರಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲದಲ್ಲೇ ಬಿಟ್ಟರೆ ಅಡಿಯಲ್ಲಿ ಕಪ್ಪಗೆ ಬೂಸ್ಟು ಹಿಡಿಯುತ್ತದೆ.

ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಸಣ್ಣ ಮನೆಯ ದೊಡ್ಡ ಪರೀಕ್ಷೆ. ಇಲ್ಲಿ ಹಗ್ಗ ಎಳೆದರೆ ಇಳಿಯುವ, ಬಿಟ್ಟರೆ ಸೂರಿಗೆ ಏರುವ ಕಂಬಿಗಳ ಸಾಲು ಸಿಗುತ್ತದೆ. ಊರಿಗೂ ಇದನ್ನು ಒಯ್ಯಬೇಕು, ಅಷ್ಟು ಒಳ್ಳೆಯ ಸಾಧನ. ಆದರೆ ಒದ್ದೆ ಬಟ್ಟೆಯ ನೀರೆಲ್ಲ ಕೊನೆಗೆ ಸೇರುವುದು ಅದೇ ಕೋಣೆಯ ಗಾಳಿಗೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಓಡುತ್ತಿರಬೇಕು, ಅದಕ್ಕೆದುರಿನ ಕಿಟಕಿ ತೆರೆದಿರಬೇಕು, ಬೀರುವನ್ನು ಹೊರಗೋಡೆಯಿಂದ ಎರಡು ಬೆರಳು ದೂರ ಇಡಬೇಕು. ಅಡುಗೆಮನೆಗೆ ಪೈಪ್ ಗ್ಯಾಸ್ ಬಂದರೆ ಸಿಲಿಂಡರಿನ ಜಾಗ ಉಳಿಯುತ್ತದೆ, ಆ ಜಾಗದಲ್ಲಿ ನಮ್ಮ ಅಕ್ಕಿಯ ಡಬ್ಬಿ ಇದೆ. ಸಣ್ಣ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಮಾತ್ರ ಯಾರೂ ಹಾಕಿಸಬಾರದು. ಗಾಳಿ ಸಾಲದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಸ್ನಾನಕ್ಕೆ ಹೋದವರು ಅಲ್ಲಿಯೇ ಪ್ರಜ್ಞೆ ತಪ್ಪುತ್ತಾರೆ. ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಹೀಗೆ ಜೀವಗಳು ಹೋಗಿವೆ. ಮೂರು ಲೀಟರಿನ ವಿದ್ಯುತ್ ಗೀಸರ್ ಇಬ್ಬರಿಗೆ ಸಾಕು.

ನಾನು ಮೀನು ತಿನ್ನುತ್ತೇನೆ, ಅವಳು ತಿನ್ನುವುದಿಲ್ಲ. ದೊಡ್ಡ ಮನೆಯಲ್ಲಿ ಇದಕ್ಕೆ ಬೇರೆ ಒಲೆ, ಬೇರೆ ಪಾತ್ರೆ ಎಂಬ ಪರಿಹಾರವಿದೆ. ಒಂದು ಕೋಣೆಯ ಮನೆಯಲ್ಲಿ ಬಂಗುಡೆ ಹುರಿದರೆ ಅದರ ವಾಸನೆ ಮಡಿಚಿಟ್ಟ ಸೀರೆಯೊಳಗೂ ಹೋಗುತ್ತದೆ. ಆದ್ದರಿಂದ ನನ್ನ ಮೀನೂಟ ಹೊರಗೆ. ಅವಳು ಕೇಳಿಕೊಂಡದ್ದಲ್ಲ, ನಾನೇ ಹಾಗೆ ಇಟ್ಟುಕೊಂಡೆ, ಅದರಲ್ಲಿ ನನಗೆ ಯಾವ ತ್ಯಾಗವೂ ಕಾಣುವುದಿಲ್ಲ. ಅವಳ ತವರಿನಿಂದ ಬರುವ ಕಟಕ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ನಮ್ಮ ಮನೆಯ ಅತ್ಯಂತ ಬೆಲೆಯುಳ್ಳ ಶೆಲ್ಫಿನಲ್ಲಿ ಕುಳಿತಿವೆ. ಸಣ್ಣ ಮನೆಗೆ ಇಷ್ಟು ಹೊಂದುವ ಊಟ ಬೇರೊಂದಿಲ್ಲ. ತಿಂಗಳುಗಟ್ಟಲೆ ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ತಡವಾಗಿ ಬಂದವರು ದೀಪ ಹಾಕದೆ ಉಣ್ಣಬಹುದು.

ಇದೆಲ್ಲ ಸರಿಹೋಗುವ ವಿಷಯಗಳು. ಸರಿಹೋಗದೆ ಉಳಿಯುವುದು ಯಾವುದು ಎಂದು ನನಗೆ ತಿಳಿದದ್ದು ಹೆಂಡತಿಯ ಫೋನಿನಿಂದ. ಅವಳು ಧಾರವಾಡಕ್ಕೆ, ತಾಯಿಗೆ, ಫೋನ್ ಮಾಡುವುದು ಠಾಣೆಯ ತನ್ನ ಕಚೇರಿಯಿಂದ ಸ್ಟೇಷನ್ನಿಗೆ ನಡೆಯುವಾಗ. ರಸ್ತೆಯ ಗದ್ದಲದಲ್ಲಿ ಕೇಳಿಸುವುದೇ ಇಲ್ಲವಲ್ಲ, ಮನೆಗೆ ಬಂದು ಮಾತಾಡಬಾರದೇ ಎಂದಾಗ ಅವಳು ಹೇಳಿದಳು: ‘ಮನೆಯಲ್ಲಿ ನೀವಿರುತ್ತೀರಲ್ಲ.’ ಅದರಲ್ಲಿ ದೂರು ಇರಲಿಲ್ಲ. ನಾನು ಅವಳ ಮಾತಿಗೆ ಎಂದೂ ಅಡ್ಡಬಂದವನಲ್ಲ. ಆದರೆ ಮಗಳು ತಾಯಿಯ ಹತ್ತಿರ ಆಡುವ ಮಾತು ಒಂದಿರುತ್ತದೆ, ಅದನ್ನು ಗಂಡ ಎಷ್ಟೇ ಒಳ್ಳೆಯವನಾದರೂ ಅವನ ಎದುರಿಗೆ ಆಡಲಾಗದು. ಅತ್ತೆಗೆ ಹಿತ್ತಲಿತ್ತು, ನನ್ನ ಅಮ್ಮನಿಗೆ ತೋಟವಿತ್ತು, ನನ್ನ ಹೆಂಡತಿಗೆ ಠಾಣೆಯ ಫುಟ್‌ಪಾತು.

ಗಂಡಸಿಗೆ ಈ ಕಷ್ಟವಿಲ್ಲ. ನನಗೆ ಬೇಸರವಾದರೆ ‘ಕೆಳಗೆ ಹೋಗಿಬರುತ್ತೇನೆ’ ಎಂದು ಹೊರಡಬಹುದು. ನಾಕಾದ, ಅಂದರೆ ರಸ್ತೆಗಳು ಕೂಡುವಲ್ಲಿನ, ಚಹಾ ಅಂಗಡಿಯ ಮುಂದೆ ಅರ್ಧ ತಾಸು ಸುಮ್ಮನೆ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ರಾತ್ರಿ ಹತ್ತು ಗಂಟೆಗೆ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಬಳಿ ನಿಂತು ತಮ್ಮನ ಜೊತೆ ಫೋನಿನಲ್ಲಿ ಜಗಳವಾಡಬಹುದು. ದೇಶದಲ್ಲೇ ಹೆಂಗಸರಿಗೆ ಒಳ್ಳೆಯ ನಗರ ಎಂದು ಹೆಸರಾದ ಮುಂಬಯಿಯಲ್ಲೂ ಒಬ್ಬ ಹೆಂಗಸು ಕಾರಣವಿಲ್ಲದೆ ಒಂದು ಕಡೆ ನಿಲ್ಲುವಂತಿಲ್ಲ. ಅವಳು ತರಕಾರಿ ಕೊಳ್ಳುತ್ತಿರಬೇಕು, ಇಲ್ಲವೇ ಯಾರಿಗೋ ಕಾಯುತ್ತಿರಬೇಕು, ಇಲ್ಲವೇ ಎಲ್ಲಿಗೋ ಹೋಗುತ್ತಿರಬೇಕು. ನನ್ನ ಹೆಂಡತಿ ಬಹಳ ಯೋಚಿಸಿ ಎರಡು ಜಾಗಗಳನ್ನು ಹೇಳಿದಳು: ಲೋಕಲ್ ರೈಲಿನ ಮಹಿಳೆಯರ ಡಬ್ಬಿ ಮತ್ತು ದೇವಸ್ಥಾನದ ಮೆಟ್ಟಿಲು. ಒಂದರಲ್ಲಿ ಕೂರಲು ಜಾಗವಿಲ್ಲ, ಇನ್ನೊಂದರಲ್ಲಿ ಕೈಮುಗಿಯಬೇಕು.

ಹಾಗಾದರೆ ಉಳಿಯುವುದು ಮನೆಯೇ. ಇನ್ನೂರು ಅಡಿಯಲ್ಲಿ ಗೋಡೆ ಹಾಕಿ ಎರಡು ಮಾಡಲಾಗದು, ಪರದೆ ಕಟ್ಟಿದರೆ ಗಾಳಿ ನಿಲ್ಲುತ್ತದೆ, ಮಾತಂತೂ ನಿಲ್ಲುವುದಿಲ್ಲ. ಜಾಗವನ್ನು ಹಂಚಿಕೊಳ್ಳಲು ಆಗದಿದ್ದಾಗ ಹೊತ್ತನ್ನು ಹಂಚಿಕೊಳ್ಳಬೇಕು. ಶನಿವಾರ ಬೆಳಗಿನಿಂದ ಮಧ್ಯಾಹ್ನ ಕಳೆಯುವವರೆಗೆ ನಮ್ಮ ಮನೆ ಅವಳೊಬ್ಬಳದು. ನಾನು ಹೊರಗೆ ಹೋಗುತ್ತೇನೆ, ಮರೆತ ಕೊಡೆಗೋಸ್ಕರ ಕೂಡ ವಾಪಸು ಬರುವುದಿಲ್ಲ, ಫೋನ್ ಮಾಡುವುದಿಲ್ಲ. ಅಷ್ಟು ಹೊತ್ತು ಅವಳು ಏನು ಮಾಡುತ್ತಾಳೆ ಎಂದು ಕೇಳುವುದೂ ಇಲ್ಲ. ಕೇಳಿದರೆ ಉತ್ತರ ಕೊಡುವ ಹೊಣೆ ಅವಳ ಮೇಲೆ ಬೀಳುತ್ತದೆ, ಹೊಣೆ ಬಿದ್ದರೆ ಆ ಹೊತ್ತು ಅವಳದಾಗಿ ಉಳಿಯುವುದಿಲ್ಲ. ಭಾನುವಾರ ಸಂಜೆ ಅವಳು ಗೆಳತಿಯರ ಜೊತೆ ಹೋಗುತ್ತಾಳೆ, ಆಗ ಮನೆ ನನ್ನದು.

ಇದನ್ನು ಕೇಳಿ ಊರಿನ ಕೆಲವರಿಗೆ ಕಸಿವಿಸಿಯಾಗುತ್ತದೆ. ಗಂಡನನ್ನು ರಜೆಯ ದಿನ ಮನೆಯಿಂದ ಹೊರಗೆ ಕಳಿಸುವುದೆಂದರೇನು, ಇಬ್ಬರ ನಡುವೆ ಏನಾದರೂ ಆಗಿದೆಯೇ ಎಂದು ನನ್ನ ಚಿಕ್ಕಮ್ಮ ಅಮ್ಮನನ್ನು ಗುಟ್ಟಾಗಿ ಕೇಳಿದ್ದಾರೆ. ಏನೂ ಆಗಿಲ್ಲ. ಊರಿನಲ್ಲಿ ಗಂಡಸರು ದಿನವೂ ಗದ್ದೆಗೆ, ಪೇಟೆಗೆ, ಯಕ್ಷಗಾನಕ್ಕೆ ಹೋಗುತ್ತಿದ್ದರು. ಆಗ ಮನೆ ತನ್ನಷ್ಟಕ್ಕೆ ಹೆಂಗಸರದಾಗುತ್ತಿತ್ತು. ಅಲ್ಲಿ ಬದುಕಿನ ಕ್ರಮವೇ ಕೊಡುತ್ತಿದ್ದದ್ದನ್ನು ಇಲ್ಲಿ ನಾವು ಗಡಿಯಾರ ನೋಡಿ ಕೊಡಬೇಕಾಗಿದೆ. ನಾವಿಬ್ಬರೂ ಒಂದೇ ಹೊತ್ತಿಗೆ ಕಚೇರಿಗೆ ಹೊರಟು ಒಂದೇ ಹೊತ್ತಿಗೆ ಮರಳುವವರು. ಮನೆ ಖಾಲಿ ಇರುವಾಗ ಇಬ್ಬರೂ ಅಲ್ಲಿರುವುದಿಲ್ಲ.

ಶನಿವಾರ ನಾನು ಹೋಗುವ ಕಡೆಗಳನ್ನು ಹೇಳಬೇಕು, ಏಕೆಂದರೆ ಅವೂ ನಮ್ಮ ಮನೆಯ ಭಾಗವೇ. ಮಾಟುಂಗಾದಲ್ಲಿ ಇಳಿದು ಪೂರ್ವಕ್ಕೆ ಹೋದರೆ ಉಡುಪಿ ಹೋಟೆಲುಗಳ ಸಾಲು. ಸ್ಟೇಷನ್ನಿನ ಎದುರಿಗೇ 1942ರಲ್ಲಿ ಶುರುವಾದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆಯೆಲೆಯ ಊಟಕ್ಕೆ ಜನ ಇಂದಿಗೂ ಕಾಯುತ್ತಾರೆ. ಅಲ್ಲಿಂದ ನಡೆಯುವಷ್ಟು ದೂರದಲ್ಲಿ 1926ರಷ್ಟು ಹಳೆಯ ಮೈಸೂರು ಅಸೋಸಿಯೇಷನ್. ಹಳಿ ದಾಟಿ ಮಾಹಿಮಿನ ಕಡೆ ಹೋದರೆ 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ, ಅದರ ವಿಶ್ವೇಶ್ವರಯ್ಯ ಸಭಾಂಗಣ. ನಾಟಕ, ತಾಳಮದ್ದಳೆ, ಪುಸ್ತಕ ಬಿಡುಗಡೆ ಏನೋ ಒಂದು ನಡೆಯುತ್ತಿರುತ್ತದೆ. ಹೊರನಾಡ ಕನ್ನಡಿಗರು ಸಂಘ ಕಟ್ಟಿದ್ದು ನುಡಿಯ ಅಭಿಮಾನದಿಂದ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಅದು ನಿಜ. ಅದರ ಜೊತೆಗೆ ಇನ್ನೊಂದು ಕಾರಣವಿತ್ತೆಂದು ನನಗೆ ಅನಿಸುತ್ತದೆ. ಖೋಲಿಯಲ್ಲಿ ಕಾಲು ಮಡಚಿಕೊಂಡು ಬದುಕುವವರಿಗೆ ಕಾಲು ಚಾಚಿ ಕೂರಲು ಒಂದು ಚಾವಡಿ ಬೇಕಿತ್ತು. ಬೇಸರವೆಂದರೆ ಆ ಚಾವಡಿಯಲ್ಲೂ ಗಂಡಸರೇ ಹೆಚ್ಚು. ಶನಿವಾರದ ಹಗಲು ಹೊತ್ತಿನಲ್ಲಿ ಹೆಂಗಸರು ಕಾರ್ಯಕ್ರಮದ ನೆಪವಿಲ್ಲದೆ ಬಂದು ಸುಮ್ಮನೆ ಕೂರಬಹುದಾದ, ಓದಬಹುದಾದ, ತೂಕಡಿಸಬಹುದಾದ ಒಂದು ಕೋಣೆಯನ್ನು ನಮ್ಮ ಪ್ರತಿಯೊಂದು ಸಂಘವೂ ತೆರೆದಿಡಬೇಕು. ಫ್ಯಾನು, ಕುಡಿಯುವ ನೀರು, ಶುಚಿಯಾದ ಶೌಚಾಲಯ ಇದ್ದರೆ ಸಾಕು. ಇದನ್ನು ನಾನು ಸಭೆಗಳಲ್ಲಿ ಹೇಳುತ್ತಾ ಬಂದಿದ್ದೇನೆ, ಮುಂದೆಯೂ ಹೇಳುತ್ತೇನೆ.

ಮನೆಯ ಅರ್ಧ ಭಾಗ ಹೊರಗಿದೆ ಎಂಬ ಮಾತು ಬರಿಯ ಅಲಂಕಾರವಲ್ಲ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ಮುಂಬಯಿಯ ಸಣ್ಣ ಮನೆಗಳು ಇದನ್ನು ಮೈಮೇಲೆ ಅನುಭವಿಸಿದವು. ಜನಸಾಮಾನ್ಯರೆಲ್ಲರಿಗೂ ಲೋಕಲ್ ರೈಲು ಹೊತ್ತಿನ ಮಿತಿಯೊಂದಿಗಾದರೂ ತೆರೆದದ್ದು 2021ರ ಫೆಬ್ರುವರಿಯಲ್ಲಿ. ಅಷ್ಟು ಕಾಲ ಕಚೇರಿ, ರೈಲು, ನಾಕಾ, ಸಂಘ, ದೇವಸ್ಥಾನ ಎಲ್ಲ ಆ ಒಂದು ಕೋಣೆಗೆ ಬಂದು ತುಂಬಿಕೊಂಡವು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಸಂಜೆ ತಾರಸಿಯಲ್ಲಿ ಗಾಳಿಪಟ ಹಾರಿಸುತ್ತಿದ್ದ. ನಾವು ಇಬ್ಬರೂ ಒಂದೇ ಹೊತ್ತಿಗೆ ಕಚೇರಿಯ ಫೋನಿನಲ್ಲಿ ಮಾತಾಡಬೇಕಾದರೆ ಒಬ್ಬರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಿತ್ತು. ಆಗಲೂ ನಮ್ಮನ್ನು ಕಾಪಾಡಿದ್ದು ಹೊತ್ತಿನ ಹಂಚಿಕೆಯೇ. ಬೆಳಗಿನ ಜಾವದ ಎರಡು ತಾಸು ನಾನು ಅಡುಗೆಮನೆಯಲ್ಲಿ ಕದ ಮುಚ್ಚಿಕೊಂಡು ಇರುತ್ತಿದ್ದೆ, ಕೋಣೆ ಅವಳದು. ಮಾತಿಲ್ಲ, ಚಹಾ ಬೇಕೇ ಎಂಬ ಪ್ರಶ್ನೆಯೂ ಇಲ್ಲ.

ಸಣ್ಣ ಮನೆಯನ್ನು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಸರಳ ಬದುಕು, ಕಡಿಮೆ ಸಾಮಾನು ಎಂದು ಬಣ್ಣಿಸುವವರು ಹೆಚ್ಚಾಗಿ ದೊಡ್ಡ ಮನೆಯಲ್ಲಿ ಕುಳಿತವರು. ಇಬ್ಬರೂ ಗಟ್ಟಿಮುಟ್ಟಾಗಿರುವಾಗ, ಇಬ್ಬರ ಸಂಬಳವೂ ಬರುತ್ತಿರುವಾಗ ಸಣ್ಣ ಮನೆ ಹಿತವಾಗಿರಬಹುದು. ಒಬ್ಬರಿಗೆ ಕಾಯಿಲೆ ಬಂದರೆ, ಬಾಣಂತನವಾದರೆ, ಊರಿನ ವಯಸ್ಸಾದ ತಂದೆತಾಯಿಯನ್ನು ಕರೆತಂದು ಇಟ್ಟುಕೊಳ್ಳಬೇಕಾಗಿ ಬಂದರೆ ಅದು ಸಾಲುವುದಿಲ್ಲ. ನನ್ನ ಅಮ್ಮ ಬಂದಾಗ ಕೋಣೆಯನ್ನು ಅತ್ತೆ ಸೊಸೆಗೆ ಬಿಟ್ಟು ನಾನು ಅಡುಗೆಮನೆಯಲ್ಲಿ ಮಲಗುತ್ತೇನೆ. ನೆಂಟರು ಹೆಚ್ಚಾದರೆ ನಾಚಿಕೆಪಡದೆ ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿದುಕೊಡುತ್ತೇವೆ, ಊಟ ಮಾತ್ರ ನಮ್ಮಲ್ಲಿ. ಮೊದಮೊದಲು ಊರಿನವರಿಗೆ ಅದು ಅವಮಾನ ಅನಿಸಿತ್ತು. ಈಗ ಅವರೇ ಮುಂಚಿತವಾಗಿ ಹೇಳಿ ಬರುತ್ತಾರೆ.

ಸರಕಾರದ ಲೆಕ್ಕ ನೋಡಿದರೂ ಮಾತು ಅಳತೆಯಲ್ಲೇ ನಿಂತಿದೆ. ಕೊಳೆಗೇರಿ ಪುನರ್ವಸತಿಯ ಮನೆ ಮೊದಲು 225 ಚದರ ಅಡಿ ಇತ್ತು, ಆಮೇಲೆ 269 ಆಯಿತು, ಈಗ 300. ಹೆಚ್ಚಿದ್ದು ಒಳ್ಳೆಯದೇ. ಆದರೆ ಗೋವಂಡಿಯ ನಟವರ್ ಪಾರೇಖ್ ಕಾಂಪೌಂಡಿನಂಥ ಪುನರ್ವಸತಿ ಕಾಲೊನಿಗಳಲ್ಲಿ ಕಟ್ಟಡಗಳು ಎಷ್ಟು ಒತ್ತಾಗಿ ನಿಂತಿವೆಯೆಂದರೆ ಕೆಳಗಿನ ಮಹಡಿಗಳಿಗೆ ಬಿಸಿಲೇ ಇಳಿಯುವುದಿಲ್ಲ. ಅಲ್ಲಿ ಕ್ಷಯರೋಗ ಹೆಚ್ಚಿರುವುದಕ್ಕೂ ಬೆಳಕು-ಗಾಳಿ ಇಲ್ಲದಿರುವುದಕ್ಕೂ ಇರುವ ನಂಟನ್ನು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಕಿಟಕಿಯಿಲ್ಲದ 300 ಅಡಿಗಿಂತ ಎದುರುಬದುರು ಕಿಟಕಿಯಿರುವ 200 ಅಡಿ ಮೇಲು. ಮುಂಬಯಿಗೆ ಬರುವ ಹೊಸ ದಂಪತಿಗಳು ಮನೆ ನೋಡಲು ಹೋದಾಗ ಟೇಪು ಹಿಡಿಯುವ ಮೊದಲು ಮಧ್ಯಾಹ್ನ ದೀಪ ಆರಿಸಿ ಪೇಪರು ಓದಲಾಗುತ್ತದೆಯೇ ನೋಡಬೇಕು, ಅಡುಗೆಮನೆಯ ಕಿಟಕಿ ಎಲ್ಲಿಗೆ ತೆರೆಯುತ್ತದೆ ನೋಡಬೇಕು. ಆಮೇಲೆ ಕಟ್ಟಡದ ತಾರಸಿಗೆ ಬೀಗ ಹಾಕುತ್ತಾರೆಯೇ ಎಂದು ಸೊಸೈಟಿಯ ವಾಚ್‌ಮನ್‌ನನ್ನು ಕೇಳಬೇಕು. ತಾರಸಿ ತೆರೆದಿದ್ದರೆ ಹೆಂಡತಿಗೆ ಸಂಜೆ ಹೋಗಿ ನಿಲ್ಲಲು ಒಂದು ಜಾಗ ಸಿಗುತ್ತದೆ. ಮುಂಬಯಿಯ ಬಹಳಷ್ಟು ಸೊಸೈಟಿಗಳು ತಾರಸಿಗೆ ಬೀಗ ಜಡಿದಿರುತ್ತವೆ. ಅದನ್ನು ತೆರೆಸುವುದು ಪ್ರತಿ ವಾರ್ಷಿಕ ಸಭೆಯಲ್ಲೂ ಎತ್ತಬೇಕಾದ ವಿಷಯ.

ನಮಗೂ ಹಿತವಚನ ಹೇಳುವವರಿಗೆ ಕೊರತೆಯಿಲ್ಲ. ಇದೇ ಬಾಡಿಗೆಗೆ ಬದಲಾಪುರದಲ್ಲಿ ಬೇರೆ ಮಲಗುವ ಕೋಣೆಯಿರುವ ಮನೆ ಸಿಗುತ್ತದಲ್ಲ ಎನ್ನುತ್ತಾರೆ. ಸಿಗುತ್ತದೆ. ಬದಲಾಪುರ ಮುಂಬಯಿ ಸಿಎಸ್‌ಎಂಟಿಯಿಂದ ಸುಮಾರು 68 ಕಿಲೋಮೀಟರ್. ಭಾಂಡೂಪು ಅದರ ಅರ್ಧ ದೂರವೂ ಇಲ್ಲ. ನನ್ನ ಕಚೇರಿ ಇರುವುದು ಸಿಎಸ್‌ಎಂಟಿ ಸ್ಟೇಷನ್ನಿನ ಹತ್ತಿರದ ಕೋಟೆ (ಫೋರ್ಟ್) ಪ್ರದೇಶದಲ್ಲಿ, ಅವಳದು ಠಾಣೆಯಲ್ಲಿ. ಅಲ್ಲಿಗೆ ಹೋದರೆ ಕೋಣೆ ಒಂದು ಹೆಚ್ಚುತ್ತದೆ, ಆದರೆ ನನಗೆ ದಿನಕ್ಕೆ ಇನ್ನೂ ಎರಡು ತಾಸು ರೈಲಿಗೆ ಹೋಗುತ್ತದೆ, ದಣಿದು ಬಂದವರಿಗೆ ಶನಿವಾರ ಹೊರಗೆ ಹೋಗುವ ಮನಸ್ಸೂ ಇರುವುದಿಲ್ಲ. ನಾವು ಕೂತು ಲೆಕ್ಕ ಹಾಕಿದೆವು. ನನಗೆ ಆ ಹೆಚ್ಚಿನ ಕೋಣೆಯ ಆಸೆ ಇತ್ತು. ತನಗೆ ಬೇಕಾದದ್ದು ಹೊತ್ತು ಎಂದು ಅವಳು ಹೇಳಿದಳು. ಹನ್ನೊಂದು ತಿಂಗಳ ಬಾಡಿಗೆ ಕರಾರನ್ನು, ಇಲ್ಲಿಯವರ ಲೀವ್ ಅಂಡ್ ಲೈಸೆನ್ಸನ್ನು, ಈ ಸಲವೂ ಇಲ್ಲಿಯೇ ನವೀಕರಿಸಿದ್ದೇವೆ. ಅಡುಗೆಮನೆಯ ಕಿಟಕಿಗೆ ಹೊಸ ಜಾಲರಿ ಹಾಕಿಸಿಕೊಡಲು ಮಾಲೀಕರು ಒಪ್ಪಿದ್ದಾರೆ, ತಾರಸಿಯ ಕೀಲಿಗೆ ಸೊಸೈಟಿಯ ಕಾರ್ಯದರ್ಶಿಗೆ ಅರ್ಜಿ ಕೊಟ್ಟಾಗಿದೆ. ಅರ್ಜಿ ಬರೆದವಳು ಅವಳೇ, ಸಹಿ ಅವಳದೇ.